ಅಲುಗಿದ ಚಿತ್ರ ಆಧಾರವಲ್ಲ

ನಮ್ಮ ಕಡೆ ಈಗ ಮನೆಗೆ ಮೂರು ನಾಲ್ಕು ಕ್ಯಾಮರ ಉಂಟು. ಎಲ್ಲ ಫೋನಿನೊಳಗಿನದ್ದೇ. ಮದುವೆ, ನೇಮ, ಆಟ, ತೋಟಕ್ಕೆ ಬಂದ ನವಿಲು, ಯಾವುದನ್ನೂ ಬಿಡುವವರಿಲ್ಲ. ಆದರೆ ಕ್ಯಾಮರ ಹಿಡಿಯುವುದು ಹೇಗೆಂದು ಕಲಿತವರು ಎಷ್ಟು ಮಂದಿ? ಕೇಳಿದರೆ, "ಅದರಲ್ಲಿ ಕಲಿಯಲಿಕ್ಕೆ ಎಂಥ ಉಂಟು ಮಾರಾಯ್ರೆ, ಒತ್ತಿದರೆ ಆಯ್ತಲ್ಲ" ಎನ್ನುತ್ತಾರೆ. ಈ ಮಾತಿನ ಮೇಲೆಯೇ ನನ್ನ ತಕರಾರು. ನವಿಲಿನ ಚಿತ್ರ ಅಲುಗಿದರೆ ಹೋಗಲಿ, ನಾಳೆ ಮತ್ತೊಂದು ನವಿಲು ಬಂದೀತು. ಅಜ್ಜನ ಪೆಟ್ಟಿಗೆಯ ಕಾಗದದ ಚಿತ್ರ ಅಲುಗಿದರೆ?

1956ರ ನವೆಂಬರ್ 1ರ ವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಆ ಕಾಲದ ಕ್ರಯಪತ್ರ, ಮೂಲಗೇಣಿ ಚೀಟು, ಪಾಲುಪಟ್ಟಿಗಳು ಎಷ್ಟೋ ಮನೆಗಳಲ್ಲಿ ಕನ್ನಡದಲ್ಲೇ ಉಂಟು. ಮೊಮ್ಮಕ್ಕಳು ಕಲಿತದ್ದು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ. ಅಚ್ಚಿನ ಕನ್ನಡವನ್ನೇ ತಡವರಿಸಿ ಓದುವವರಿಗೆ ಹಳೆಯ ಗುಮಾಸ್ತರ ಕೂಡಕ್ಷರ ಎಲ್ಲಿಂದ ಬರಬೇಕು? ಹಾಗಾಗಿ ಈಗ ನಡೆಯುವುದು ಹೀಗೆ: ಕಾಗದವನ್ನು ಮಂಚದ ಮೇಲೆ ಹರಡಿ, ಒಂದು ಕೈಯಲ್ಲಿ ಮೂಲೆ ಒತ್ತಿ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಒಂದು ಫೋಟೋ. ಅದು ಊರಿನಲ್ಲಿ ಓದಲು ಬಲ್ಲ ಹಿರಿಯರಿಗೆ ಹೋಗುತ್ತದೆ. ಅವರು ಓದುವುದು ಕಾಗದವನ್ನಲ್ಲ, ಆ ಫೋಟೋವನ್ನು. ಅಂದರೆ ಒಂದು ಮನೆಯ ಜಾಗದ ಕಥೆ ಈಗ ಒಬ್ಬ ಹುಡುಗನ ಒಂಟಿ ಕೈಯ ಮೇಲೆ ನಿಂತಿದೆ.

ಕನ್ನಡ ಅಂಕಿಗಳನ್ನು ಒಮ್ಮೆ ನೋಡಿ. ೧ಕ್ಕೂ ೦ಗೂ ಇರುವ ವ್ಯತ್ಯಾಸ ಒಂದು ಸಣ್ಣ ಬಾಯಿ. ೬, ೯ ಇವು ಬಾಲ ತಿರುಗುವ ಬಗೆಯಲ್ಲಿ ಮಾತ್ರ ಬೇರೆ. ಅಕ್ಷರಗಳಲ್ಲೂ ಹಾಗೆಯೇ: ತಲೆ ಮುಚ್ಚಿದರೆ ವ, ಬಿಟ್ಟರೆ ಪ, ಅದರ ಹೊಟ್ಟೆಯಲ್ಲೊಂದು ಗೀಟು ಇದ್ದರೆ ಷ. ಶಾಯಿಯ ಬರಹದಲ್ಲಿ ಈ ಸಂದುಗಳೆಲ್ಲ ಅರ್ಧ ಮಿಲಿಮೀಟರಿನವು. ಚಿತ್ರ ಕಾಗದದ ಮೇಲೆ ಅಷ್ಟೇ ಜಾರಿದರೆ ಸಾಕು, ಬಾಯಿ ಮುಚ್ಚಿಹೋಗುತ್ತದೆ. ಆಗ ಸರ್ವೆ ನಂಬ್ರ ೧೧೬ ಅನ್ನುವುದು ೧೦೬ ಆಗಬಹುದು, ೧೦೯ ಕೂಡ ಆಗಬಹುದು. ನಂಬ್ರ ಬದಲಾದರೆ ಜಾಗವೇ ಬದಲಾದ ಹಾಗೆ. ಇದನ್ನು ಸಣ್ಣ ವಿಷಯ ಅನ್ನುವವರು ಒಮ್ಮೆ ಗಡಿಕಲ್ಲಿನ ವ್ಯಾಜ್ಯದಲ್ಲಿ ಸಿಕ್ಕಿಬಿದ್ದವರನ್ನು ಕೇಳಲಿ.

ಕೈ ಯಾಕೆ ಚಿತ್ರವನ್ನು ಕೆಡಿಸುತ್ತದೆ? ಬೆಳಕು ಒಳಗೆ ಬರಲು ಕ್ಯಾಮರದ ಬಾಗಿಲು ಸ್ವಲ್ಪ ಹೊತ್ತು ತೆರೆದಿರಬೇಕು. ಅಂಗಳದ ಬಿಸಿಲಿನಲ್ಲಿ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಸಾಕು. ಆಟಿ ತಿಂಗಳ ಮಳೆಗಾಲದಲ್ಲಿ, ಒಳಕೋಣೆಯಲ್ಲಿ, ಅದೇ ಚಿತ್ರಕ್ಕೆ ಸೆಕೆಂಡಿನ ಹತ್ತರಲ್ಲಿ ಒಂದು ಪಾಲು ಬೇಕಾದೀತು. ಅಷ್ಟು ಹೊತ್ತಿನಲ್ಲಿ ಉಸಿರು, ನಾಡಿ, ಬೆರಳಿನ ಒತ್ತು ಎಲ್ಲವೂ ಚಿತ್ರದಲ್ಲಿ ಬರೆದುಕೊಳ್ಳುತ್ತವೆ. ನಾವು ಹಳೆಯ ಪೆಟ್ಟಿಗೆ ತೆರೆಯುವುದು ಹೆಚ್ಚಾಗಿ ಕೆಲಸವಿಲ್ಲದ ಮಳೆಗಾಲದಲ್ಲೇ, ಅದೂ ಕತ್ತಲೆ ಕೋಣೆಯಲ್ಲೇ! 35 ಮಿ.ಮೀ. ಫಿಲ್ಮಿನ ಕಾಲದವರು ಒಂದು ಲೆಕ್ಕ ಇಟ್ಟುಕೊಂಡಿದ್ದರು: 50 ಮಿ.ಮೀ. ಲೆನ್ಸ್ ಆದರೆ ಸೆಕೆಂಡಿನ 50ರಲ್ಲಿ ಒಂದಕ್ಕಿಂತ ನಿಧಾನಕ್ಕೆ ಬರಿಗೈಯನ್ನು ನಂಬಬಾರದು, 200 ಮಿ.ಮೀ. ಆದರೆ 200ರಲ್ಲಿ ಒಂದಕ್ಕಿಂತ. ತೀರ ಹತ್ತಿರದಿಂದ ತೆಗೆಯುವಾಗ ಆ ಲೆಕ್ಕವೂ ಸಾಲದು, ಯಾಕೆಂದರೆ ಅಕ್ಷರ ದೊಡ್ಡದಾದಂತೆ ನಡುಕವೂ ದೊಡ್ಡದಾಗುತ್ತದೆ.

"ಈಗಿನ ಫೋನೇ ನಡುಕ ಸರಿ ಮಾಡ್ತದೆ" ಎನ್ನುವವರಿದ್ದಾರೆ. ಮಾಡುತ್ತದೆ, ಸುಳ್ಳಲ್ಲ. ಒಳಗಿನ ಲೆನ್ಸನ್ನೋ ಸಂವೇದಕವನ್ನೋ ಕೈಯ ಚಲನೆಗೆ ಎದುರಾಗಿ ಸರಿಸಿ ಸಣ್ಣ ನಡುಕವನ್ನು ಕಳೆಯುತ್ತದೆ. ಆದರೆ ಅದಕ್ಕೂ ಮಿತಿ ಉಂಟು. ಹತ್ತಿರದಿಂದ ತೆಗೆಯುವಾಗ ಕೈ ಪಕ್ಕಕ್ಕೆ ಜಾರುವುದನ್ನು ಅದು ಅಷ್ಟು ಚೆನ್ನಾಗಿ ಹಿಡಿಯಲಾರದು. ಎದುರಿನ ವಸ್ತುವೇ ಅಲುಗಿದರೆ ಏನೂ ಮಾಡಲಾರದು. ಆಟದಲ್ಲಿ ದಿಗಿಣ ಹಾಕುವ ವೇಷದ ಚಿತ್ರ ಮಸುಕಾದರೆ ಅದು ವೇಷದ ವೇಗ. ರಂಗಸ್ಥಳದ ಕಂಬವೂ ಮಸುಕಾದರೆ ಅದು ನಿಮ್ಮ ಕೈ. ಆಮೇಲೆ ಆ್ಯಪಿನಲ್ಲಿ ಚೂಪು ಮಾಡಿದರೆ ಅಂಚು ಕಪ್ಪಾಗುತ್ತದೆ, ಕಳೆದುಹೋದ ಬಾಲ ಮರಳುವುದಿಲ್ಲ. ತಪ್ಪು ಅಕ್ಷರವನ್ನು ದಪ್ಪ ಮಾಡಿದರೆ ಅದು ಸರಿ ಅಕ್ಷರ ಆಗ್ತದಾ?

ಇನ್ನು ಕೆಲವರು ಸ್ಕ್ಯಾನರ್ ಬೇಕು, ಮುಕ್ಕಾಲಿ ಬೇಕು ಎಂದು ಕೂತಿದ್ದಾರೆ. ಇದ್ದರೆ ಒಳ್ಳೆಯದೇ, ಬೇಡ ಅನ್ನಲಿಲ್ಲ. ಆದರೆ ಹುಳು ತಿಂದ ಪ್ರಸಂಗದ ತಾಳೆಗರಿಯನ್ನು ಸ್ಕ್ಯಾನರಿನಲ್ಲಿ ಅದುಮಿದರೆ ಪುಡಿಯಾದೀತು. ಮುಕ್ಕಾಲಿಗೆ ದುಡ್ಡು ಕೂಡುವ ವರೆಗೆ ಗೆದ್ದಲು ಕಾಯುತ್ತದೆಯೇ? ಇವತ್ತು ಇರುವುದು ಕೈ. ಅದನ್ನು ಪಳಗಿಸುವುದಕ್ಕೆ ಕಾಸು ಖರ್ಚಿಲ್ಲ.

ಎರಡೂ ಕೈ ಬಳಸಿ. ಕಾಗದದ ಮೂಲೆಗೆ ಶುಚಿಯಾದ ಸಣ್ಣ ಭಾರ ಇಡಿ, ಇಲ್ಲವೇ ಇನ್ನೊಬ್ಬರು ಹಿಡಿಯಲಿ. ಮೊಣಕೈ ಎರಡೂ ಪಕ್ಕೆಗೆ ಒತ್ತಿರಲಿ. ದೊಡ್ಡ ಕ್ಯಾಮರವಾದರೆ ಎಡ ಅಂಗೈ ಲೆನ್ಸಿನ ಅಡಿಯಲ್ಲಿರಲಿ, ಭಾರ ಅದರ ಮೇಲೆ ಬರಲಿ. ನಿಂತು ತೆಗೆಯುವಾಗ ಕಾಲು ಸ್ವಲ್ಪ ಅಗಲಿಸಿ, ಚಾವಡಿಯ ಕಂಬಕ್ಕೆ ಹೆಗಲು ಕೊಡಿ. ಕುಳಿತು ತೆಗೆಯುವಾಗ ಮೊಣಕೈಯನ್ನು ಮೇಜಿಗೋ ಮೊಣಕಾಲಿಗೋ ಊರಿ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಗುಂಡಿಯನ್ನು ಕುಟ್ಟಬೇಡಿ, ಮೆಲ್ಲನೆ ಒತ್ತಿ. ಫೋನಾದರೆ ಎರಡು ಸೆಕೆಂಡಿನ ಟೈಮರ್ ಇಡಿ; ಆಗ ಬೆರಳಿನ ಒತ್ತೇ ಇರುವುದಿಲ್ಲ. ತೀರ ಹತ್ತಿರ ಹೋಗುವ ಬದಲು ಒಂದು ಗೇಣು ಹಿಂದೆ ಸರಿಯಿರಿ. ಒಂದೇ ಪುಟಕ್ಕೆ ಮೂರು ಚಿತ್ರ ತೆಗೆಯಿರಿ, ಒಂದಾದರೂ ನಿಲ್ಲುತ್ತದೆ. ಕಾಗದವನ್ನು ಜಗಲಿಯ ನೆರಳಿಗೆ ತನ್ನಿ. ಫ್ಲ್ಯಾಶ್ ಹಾಕಿದರೆ ತಾಳೆಗರಿ ಹೊಳೆದು ಅಕ್ಷರವೇ ಕಾಣದು. ಕಲ್ಲಿನ ಬರಹವಾದರೆ ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಹೋಗಿ. ಕೊನೆಗೆ, ಕಾಗದ ಮಡಚುವ ಮೊದಲೇ ಚಿತ್ರವನ್ನು ದೊಡ್ಡದು ಮಾಡಿ ಅತಿ ಸಣ್ಣ ಅಕ್ಷರ ಓದಿ ನೋಡಿ. ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ದಾರಿಯಲ್ಲೇ ಅದು ಕುಗ್ಗುತ್ತದೆ.

"ನನಗೆ ಪ್ರಾಯ ಆಯ್ತು, ಕೈ ನಡುಗ್ತದೆ" ಎನ್ನುವ ಹಿರಿಯರೊಡನೆ ನನಗೆ ಜಗಳವಿಲ್ಲ. ಅವರಿಗೆ ಕಂಬ, ಮೇಜು, ಟೈಮರ್ ಉಂಟು. ನನ್ನ ಜಗಳ ನಡುಗದ ಕೈಯನ್ನು ಅಸಡ್ಡೆಯಿಂದ ಬೀಸುವ ಇಪ್ಪತ್ತರ ಹುಡುಗರೊಡನೆ. "ಮತ್ತೊಮ್ಮೆ ತೆಗೆದರಾಯ್ತು" ಅನ್ನುತ್ತಾರೆ. ಮತ್ತೊಮ್ಮೆ ಹೋಗುವಾಗ ಮನೆ ಪಾಲಾಗಿರುತ್ತದೆ, ಪೆಟ್ಟಿಗೆ ಗುಜರಿಗೆ ಹೋಗಿರುತ್ತದೆ, ಕಾಗದ ಒಲೆಗೆ.

1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು. ಅದು ಜಾರಿಗೆ ಬರಲಿಲ್ಲ. ಅಂದಿನಿಂದ ನಾವು ಸಭೆ ಸಭೆಗಳಲ್ಲಿ ಆಧಾರ ಉಂಟು, ಆಧಾರ ಉಂಟು ಎನ್ನುತ್ತಾ ಬಂದಿದ್ದೇವೆ. ಎಲ್ಲಿ ತೋರಿಸಿ ಎಂದು ಕೇಳಿದರೆ ಮಸುಕು ಫೋಟೋ ತೋರಿಸುವುದೇ? ಭಾಷಣದಲ್ಲಿ ಕನ್ನಡ ಉಳಿಸುವವರು ಮನೆಯ ಕನ್ನಡ ಕಾಗದವನ್ನು ಅರ್ಧ ನಿಮಿಷ ಉಸಿರು ಹಿಡಿದು ತೆಗೆಯಲಾರರೆಂದರೆ, ಆ ಭಾಷಣಕ್ಕೆ ನಾನು ಚಪ್ಪಾಳೆ ಹೊಡೆಯುವುದಿಲ್ಲ.

ಸರಕಾರ ಮಾಡಬೇಕಾದದ್ದು ಬೇಕಾದಷ್ಟುಂಟು, ಕೇಳುವಾ. ಆದರೆ ನಮ್ಮ ಮೊಣಕೈಯನ್ನು ನಮ್ಮ ಪಕ್ಕೆಗೆ ಒತ್ತಿಕೊಳ್ಳಲು ಯಾವ ಆದೇಶವೂ ಬೇಡ. ವಾಚನಾಲಯಕ್ಕೆ ಫೋಟೋ ತರುವವರಿಗೆ ನಾವು ಒಂದೇ ನಿಯಮ ಇಡಬೇಕು: ಅಂಕಿ ಓದಲಾಗದ ಚಿತ್ರವನ್ನು ಊಹಿಸಿ ಓದಿ ಹೇಳುವುದಿಲ್ಲ. ದಾಕ್ಷಿಣ್ಯ ಬೇಡ. ಕಾಗದ ಇನ್ನೂ ಮನೆಯಲ್ಲುಂಟು, ಹೋಗಿ ಸರಿಯಾಗಿ ತೆಗೆದು ತನ್ನಿ ಎಂದು ಇವತ್ತು ಹೇಳಬಹುದು. ಕಾಗದ ಹೋದ ಮೇಲೆ ಹೇಳಿ ಪ್ರಯೋಜನವಿಲ್ಲ.