ಹೆಲ್ಪರ್ ಅಲ್ಲ, ಅಪ್ರೆಂಟಿಸ್



ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ತಂದೆತಾಯಿಗಳು ನಮ್ಮನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಫಾದರ್, ಇವನಿಗೆ ಮುಂದೇನು?" ತೊಂಬತ್ತು ಅಂಕ ಬಂದವರ ಮನೆಯಲ್ಲಿ ಉತ್ತರ ಮೊದಲೇ ಸಿದ್ಧವಿರುತ್ತದೆ. ಐವತ್ತು, ಐವತ್ತೈದು ಬಂದವರ ಮನೆಯಲ್ಲಿ ಇರುವುದಿಲ್ಲ. ಅಲ್ಲಿ ಎರಡು ತಿಂಗಳು ಮಾತುಕತೆ ನಡೆದು, ಕೊನೆಗೆ ಯಾರೋ ಪರಿಚಯದ ವೈರಿಂಗ್ ಕೆಲಸದವರ ಜೊತೆ ಹುಡುಗನನ್ನು ಕಳುಹಿಸಿಬಿಡುತ್ತಾರೆ. ಶನಿವಾರ ಕೈಗೆ ಸ್ವಲ್ಪ ಹಣ ಬರುತ್ತದೆ. ಮನೆಯವರಿಗೆ ಸಮಾಧಾನ. "ಕೆಲಸ ಕಲಿಯುತ್ತಿದ್ದಾನೆ" ಎಂದು ನೆಂಟರಿಗೆ ಹೇಳುತ್ತಾರೆ.

ನಿಜವಾಗಿಯೂ ಕಲಿಯುತ್ತಿದ್ದಾನೆಯೇ? ಈ ಸಲ ನಾವು ಮಾತನಾಡಬೇಕೆಂದಿರುವುದು ಇದನ್ನೇ.

ಉದಾಹರಣೆಗೆ ಒಂದು ಊರನ್ನು ಎತ್ತಿಕೊಳ್ಳೋಣ. ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯಲ್ಲಿ ಕುಂಭಾರಿ ಎಂಬ ಊರಿದೆ. ದಕ್ಷಿಣ ಸೋಲಾಪುರ ತಾಲ್ಲೂಕು, ಮಹಾರಾಷ್ಟ್ರಕ್ಕೆ ಸೇರಿದ್ದು. ಆದರೆ ಆ ಕಡೆಯ ಸಂತೆಯಲ್ಲಿ ನಿಂತರೆ ಮರಾಠಿ, ತೆಲುಗಿನ ಜೊತೆ ನಮ್ಮ ಕನ್ನಡವೂ ಕಿವಿಗೆ ಬೀಳುತ್ತದೆ. ಬೀಡಿ ಕಟ್ಟುವ ಹೆಂಗಸರಿಗಾಗಿ ಗೋದೂತಾಯಿ ಪರುಳೇಕರ್ ಅವರ ಹೆಸರಿನಲ್ಲಿ 10,000 ಮನೆಗಳ ಕಾಲೊನಿ ಎದ್ದದ್ದು ಇಲ್ಲಿಯೇ. 2006ರಲ್ಲಿ ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಅವರು ಬಂದು ಮನೆಗಳನ್ನು ಹಸ್ತಾಂತರಿಸಿದರು. ಆಮೇಲೆ ರೇ ನಗರ ಬಂತು. ಮಗ್ಗದ ಕೆಲಸದವರು, ಬೀಡಿ ಕಾರ್ಮಿಕರು, ಚಿಂದಿ ಆಯುವವರು, ಚಾಲಕರು ಇಂಥವರಿಗಾಗಿ 30,000 ಮನೆಗಳ ಯೋಜನೆ. 2019ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ, 2024ರ ಜನವರಿ 19ರಂದು ಮೊದಲ 15,000 ಮನೆಗಳನ್ನು ಪ್ರಧಾನಿ ಮೋದಿ ಅವರು ಹಸ್ತಾಂತರಿಸಿದರು.

ಒಂದೊಂದು ಮನೆಗೂ ಮೀಟರು, ಸ್ವಿಚ್ಚು, ಫ್ಯಾನು, ಅರ್ಥಿಂಗ್ ಬೇಕು. ಅದೇ ರಸ್ತೆಯಲ್ಲಿ ಎಂಐಡಿಸಿಯ ಟವೆಲ್, ಚಾದರ ಕಾರ್ಖಾನೆಗಳಿವೆ. ವಿದ್ಯುತ್ ಮಗ್ಗಗಳು ಬೆಳಗಿನಿಂದ ರಾತ್ರಿಯವರೆಗೆ ಓಡುತ್ತವೆ. ದಕ್ಷಿಣ ಸೋಲಾಪುರ ತಾಲ್ಲೂಕಿನಲ್ಲೇ ಎನ್‌ಟಿಪಿಸಿಯ 1,320 ಮೆಗಾವ್ಯಾಟ್ ಶಾಖೋತ್ಪನ್ನ ಸ್ಥಾವರವಿದೆ. ಇನ್ನೊಂದು ಸಂಗತಿಯನ್ನು ಕರ್ನಾಟಕದವರಾದ ನಾವು ತಿಳಿದಿರಬೇಕು. 2013ರ ಡಿಸೆಂಬರ್ 31ರಂದು ರಾಯಚೂರಿನಿಂದ ಸೋಲಾಪುರಕ್ಕೆ 765 ಕಿಲೋವೋಲ್ಟ್ ಲೈನು ಚಾಲೂ ಆಯಿತು. ದಕ್ಷಿಣ ರಾಜ್ಯಗಳ ವಿದ್ಯುತ್ ಜಾಲ ದೇಶದ ಉಳಿದ ಜಾಲದೊಡನೆ ಒಂದೇ ತಾಳದಲ್ಲಿ ಮಿಡಿಯತೊಡಗಿದ್ದು ಆ ದಿನದಿಂದ. ಗಡಿಯ ವಿಷಯದಲ್ಲಿ ನಾಯಕರು ಏನೇ ಹೇಳಲಿ, ಕರೆಂಟು ಮಾತ್ರ ಯಾರನ್ನೂ ಕೇಳದೆ ದಾಟುತ್ತದೆ!

ಇಷ್ಟು ವಿದ್ಯುತ್ ಕೆಲಸ ಸುತ್ತಲೂ ಇರುವ ಕಡೆ ಬೀಡಿ ಕಟ್ಟುವ ತಾಯಿಯ ಮಗನಿಗೆ ಎಲೆಕ್ಟ್ರಿಷಿಯನ್ ಆಗುವ ಆಸೆ ಹುಟ್ಟುವುದು ಸಹಜ. ಒಳ್ಳೆಯ ಆಸೆ. ಆದರೆ ಅದಕ್ಕೆ ಎರಡು ದಾರಿಗಳಿವೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಹುಡುಗ ಬೆಳಿಗ್ಗೆ ಡಬ್ಬಿ ಹಿಡಿದು ಹೋಗುತ್ತಾನೆ, ಸಂಜೆ ಧೂಳಾಗಿ ಬರುತ್ತಾನೆ. ಹತ್ತು ವರ್ಷ ಕಳೆದ ಮೇಲೆ ವ್ಯತ್ಯಾಸ ತಿಳಿಯುತ್ತದೆ. ಕೆಲವೊಮ್ಮೆ ಒಂದೇ ದಿನದಲ್ಲಿ ತಿಳಿಯುತ್ತದೆ, ಆ ದಿನ ಬರದಿರಲಿ.

ಹೆಲ್ಪರ್ ಆಗಿ ಹೋದ ಹುಡುಗ ಮೊದಲ ವರ್ಷ ಗೋಡೆ ಕೊರೆಯುತ್ತಾನೆ, ಪೈಪು ಹೊರುತ್ತಾನೆ, ಚಹಾ ತರುತ್ತಾನೆ. ಎರಡನೆಯ ವರ್ಷ ನೋಡಿ ನೋಡಿ ವೈರು ಜೋಡಿಸಲು ಕಲಿಯುತ್ತಾನೆ. ಬಲ್ಬು ಉರಿಯಿತೇ? ಉರಿಯಿತು. ಹಾಗಾದರೆ ಕೆಲಸ ಸರಿ. ಅವನ ಗುರುವಿಗೂ ಹಾಗೆಯೇ ಕಲಿಸಿದ್ದರು.

ಇಲ್ಲೇ ಅಪಾಯ ಅಡಗಿರುವುದು. ಸ್ವಿಚ್ಚನ್ನು ಫೇಸ್ ತಂತಿಗೆ ಹಾಕಿದರೂ ಬಲ್ಬು ಉರಿಯುತ್ತದೆ, ನ್ಯೂಟ್ರಲ್ ತಂತಿಗೆ ಹಾಕಿದರೂ ಉರಿಯುತ್ತದೆ, ಸ್ವಿಚ್ಚು ಒತ್ತಿದರೆ ಎರಡೂ ಕಡೆ ಆರುತ್ತದೆ. ನೋಡುವವರಿಗೆ ಭೇದವಿಲ್ಲ. ಆದರೆ ನ್ಯೂಟ್ರಲ್‌ಗೆ ಹಾಕಿದ ಮನೆಯಲ್ಲಿ ಸ್ವಿಚ್ಚು ಆರಿಸಿದ ಮೇಲೂ ಹೋಲ್ಡರಿನವರೆಗೆ 230 ವೋಲ್ಟ್ ನಿಂತೇ ಇರುತ್ತದೆ. "ಆಫ್ ಮಾಡಿದ್ದೇನೆ" ಎಂದು ನಂಬಿ ಸ್ಟೂಲು ಹತ್ತಿ ಬಲ್ಬು ಬದಲಿಸಲು ಕೈಯಿಟ್ಟವರ ಗತಿಯೇನು? ಅರ್ಥಿಂಗ್ ವಿಷಯವೂ ಹೀಗೆಯೇ. ಹಸಿರು ತಂತಿಯನ್ನು ಜೋಡಿಸದೆ ಬಿಟ್ಟರೂ ಫ್ರಿಜ್ಜು ತಣ್ಣಗೆ ಮಾಡುತ್ತದೆ, ವಾಷಿಂಗ್ ಮೆಷಿನ್ ತಿರುಗುತ್ತದೆ. ಒಳಗಿನ ತಂತಿಯ ಹೊದಿಕೆ ಸವೆದು ಲೋಹದ ಮೈಗೆ ತಾಗಿದ ದಿನ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಅದನ್ನು ಮುಟ್ಟುವವರು ಮನೆಯ ತಾಯಿ ಅಥವಾ ಮಗು.

"ನಮ್ಮ ಮನೆಯಲ್ಲಿ ಎಂಸಿಬಿ ಇದೆ, ಭಯವಿಲ್ಲ" ಎನ್ನುವವರನ್ನು ನಾವು ಬಹಳ ಕಂಡಿದ್ದೇವೆ. ಎಂಸಿಬಿ ಕಾಪಾಡುವುದು ತಂತಿಯನ್ನು, ಮನುಷ್ಯನನ್ನಲ್ಲ. 16 ಆಂಪಿಯರ್‌ನ ಎಂಸಿಬಿ ಅದಕ್ಕೂ ಹೆಚ್ಚು ಕರೆಂಟು ಹರಿದಾಗ ಬೀಳುತ್ತದೆ. ಮನುಷ್ಯನ ಎದೆಬಡಿತ ಕೆಡಲು ಅದರ ನೂರನೆಯ ಒಂದು ಪಾಲು ಸಾಕು. ಜೀವ ಕಾಪಾಡಲೆಂದೇ ಇರುವುದು ಆರ್‌ಸಿಸಿಬಿ. 30 ಮಿಲಿಆಂಪಿಯರ್ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಕರೆಂಟನ್ನು ಕಡಿಯುತ್ತದೆ. ನಮ್ಮ ದೇಶದಲ್ಲಿ ವಿದ್ಯುತ್ ಆಘಾತದಿಂದ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಕಾರ್ಖಾನೆಗಳ ಮಾತು ಇನ್ನೂ ಬೇರೆ. ನೂಲಿನ ಧೂಳು, ಹತ್ತಿಯ ರಾಶಿ ಇದ್ದಲ್ಲಿ ಒಂದು ಸಡಿಲ ಜೋಡಣೆಯ ಕಿಡಿ ಸಾಕು. 2025ರ ಮೇ 18ರ ನಸುಕಿನಲ್ಲಿ ಅಕ್ಕಲಕೋಟೆ ರಸ್ತೆಯ ಎಂಐಡಿಸಿಯ ಟವೆಲ್ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು ಎಂಟು ಮಂದಿ ಸತ್ತರು, ಅವರಲ್ಲಿ ಹಸುಗೂಸೂ ಇತ್ತು. ಶಾರ್ಟ್ ಸರ್ಕ್ಯೂಟ್ ಇರಬಹುದೆಂದು ಮೊದಲ ವರದಿಗಳು ಹೇಳಿದವು.

ಈ ಕಸುಬನ್ನು ನೋಡಿ ಕಲಿತರೆ ಸಾಲದು, ಏಕೆ ಹೀಗೆ ಎಂದು ತಿಳಿದು ಕಲಿಯಬೇಕೆಂದು ನಾವು ಹೇಳುವುದು ಅದಕ್ಕೇ.

ಎರಡನೆಯ ದಾರಿ ಅಪ್ರೆಂಟಿಸ್‌ಶಿಪ್. ಇದಕ್ಕೆಂದೇ 1961ರಲ್ಲಿ ದೇಶದಲ್ಲಿ ಒಂದು ಕಾಯ್ದೆ ಬಂತು. ಹತ್ತನೆಯ ತರಗತಿಯನ್ನು ವಿಜ್ಞಾನ, ಗಣಿತದೊಂದಿಗೆ ಪಾಸಾದವರು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗಕ್ಕೆ ಸೇರಬಹುದು, ಎರಡು ವರ್ಷದ ಓದು. ಹತ್ತನೆಯದು ದಾಟದವರಿಗೆ ವೈರ್‌ಮನ್ ವಿಭಾಗವಿದೆ, ಅದಕ್ಕೆ ಎಂಟನೆಯದು ಸಾಕು. ಸೋಲಾಪುರದಲ್ಲಿ ಸರ್ಕಾರಿ ಐಟಿಐ ಇದೆ. ಅದು ಮುಗಿದ ಮೇಲೆ ಒಂದು ವರ್ಷ ಯಾವುದಾದರೂ ಸಂಸ್ಥೆಯಲ್ಲಿ ಅಪ್ರೆಂಟಿಸ್ ಆಗಿ ನಿಜವಾದ ಯಂತ್ರಗಳ ಮೇಲೆ ಕಲಿಯಬೇಕು. ರಾಜ್ಯದ ವಿದ್ಯುತ್ ಕಂಪನಿ ಮಹಾವಿತರಣ ಹೀಗೆ ಹುಡುಗರನ್ನು ತೆಗೆದುಕೊಳ್ಳುತ್ತದೆ. ರೈಲ್ವೆಯವರು ಸೋಲಾಪುರದಲ್ಲೂ ಕುರ್ಡುವಾಡಿಯ ಕಾರ್ಯಾಗಾರದಲ್ಲೂ ತೆಗೆದುಕೊಳ್ಳುತ್ತಾರೆ. ಖಾಸಗಿಯವರಿಗೂ ಬಿಡುವಿಲ್ಲ: ಮೂವತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಬಲದ ಶೇಕಡ ಎರಡೂವರೆಯಿಂದ ಹದಿನೈದರವರೆಗೆ ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಲೇಬೇಕೆಂದು 2019ರ ನಿಯಮ ಹೇಳಿತು. ಎಷ್ಟು ಕಾರ್ಖಾನೆಗಳು ಇದನ್ನು ಮನಸಾರೆ ಪಾಲಿಸುತ್ತವೆ ಎಂಬುದು ಬೇರೆ ಮಾತು. ನಾವೇ ಹೋಗಿ ಕೇಳದಿದ್ದರೆ ಅವರಾಗಿ ಕರೆಯುವುದಿಲ್ಲ.

ಕಲಿಯುವ ಕಾಲದಲ್ಲಿ ಸ್ಟೈಪೆಂಡ್ ಇದೆ. ಐಟಿಐ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಎಂದು 2019ರಲ್ಲಿ ಗೊತ್ತುಮಾಡಿದರು. ಇದರಲ್ಲಿ ಕಾಲು ಪಾಲನ್ನು, 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಭರಿಸುವ ಯೋಜನೆ 2016ರಿಂದ ಇದೆ. ಇದು ದೊಡ್ಡ ಹಣವಲ್ಲ. ಪಕ್ಕದ ಮನೆಯ ಹೆಲ್ಪರ್ ಹುಡುಗ ಇದಕ್ಕಿಂತ ಹೆಚ್ಚು ತರುತ್ತಿರಬಹುದು, ತಾಯಂದಿರು ಅದನ್ನು ನಮಗೆ ನೇರವಾಗಿ ಹೇಳುತ್ತಾರೆ ಕೂಡ. ಬೀಡಿ ಕಟ್ಟಿದ ಲೆಕ್ಕದ ಮೇಲೆ ನಡೆಯುವ ಮನೆಯಲ್ಲಿ ಮೂರು ವರ್ಷ ಕಾಯುವುದು ಸುಲಭವೆಂದು ನಾವು ಹೇಳಲಾರೆವು. ಆ ಮೂರು ವರ್ಷಕ್ಕೆ ಸಿಗುವುದೇನು ಎಂದಷ್ಟೇ ಹೇಳುತ್ತೇವೆ.

ಮೊದಲನೆಯದು ಒಪ್ಪಂದದ ಕಾಗದ. ಅಪ್ರೆಂಟಿಸ್ ಎಂದರೆ ಲಿಖಿತ ಒಪ್ಪಂದವಿರಬೇಕು, ಅದು ಸರ್ಕಾರದಲ್ಲಿ ನೋಂದಣಿಯಾಗಬೇಕು. ಹದಿನೆಂಟು ತುಂಬದವನಿಗೆ ಪೋಷಕರೇ ಸಹಿ ಮಾಡಬೇಕು. ಕೆಲಸದ ಜಾಗದಲ್ಲಿ ಗಾಯವಾದರೆ ಪರಿಹಾರದ ಹೊಣೆ ಮಾಲೀಕನದು ಎಂದು ಕಾಯ್ದೆ ಹೇಳುತ್ತದೆ. ಹೆಲ್ಪರ್ ಹುಡುಗ ಕಂಬದಿಂದ ಬಿದ್ದರೆ "ಇವನು ಯಾರೋ ನನಗೆ ಗೊತ್ತೇ ಇಲ್ಲ" ಎನ್ನುವುದು ಬಹಳ ಸುಲಭ. ಕೊನೆಯಲ್ಲಿ ಪರೀಕ್ಷೆ, ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ. ಹಾಗೆಂದು ಅಲ್ಲೇ ಕೆಲಸ ಕೊಡಬೇಕೆಂಬ ಕಟ್ಟುಪಾಡು ಮಾಲೀಕನಿಗಿಲ್ಲ, ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಆದರೆ ರೈಲ್ವೆಯ ಕೆಳಹಂತದ ನೇಮಕಾತಿಯಲ್ಲಿ ನೂರಕ್ಕೆ ಇಪ್ಪತ್ತು ಸ್ಥಾನ ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಮೀಸಲಾಗಿದೆ.

ಇನ್ನೊಂದು ಪರವಾನಗಿಯ ಪ್ರಶ್ನೆ. ವಿದ್ಯುತ್ ಜೋಡಣೆಯ ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರನೇ, ಅರ್ಹತಾ ಪತ್ರವಿರುವವರ ಮೇಲ್ವಿಚಾರಣೆಯಲ್ಲಿ, ಪರ್ಮಿಟ್ ಇರುವವರಿಂದ ಮಾಡಿಸಬೇಕೆಂದು ನಿಯಮ. ಹತ್ತು ವರ್ಷ ಹೆಲ್ಪರ್ ಆಗಿ ಕೈ ಪಳಗಿದವನಿಗೆ ಕಲಿತದ್ದಕ್ಕೆ ಗುರುತಿನ ಪತ್ರವಿಲ್ಲದಿದ್ದರೆ, ಮೂವತ್ತರ ವಯಸ್ಸಿನಲ್ಲೂ ಇನ್ನೊಬ್ಬರ ಹೆಸರಿನಲ್ಲೇ ದುಡಿಯಬೇಕಾಗುತ್ತದೆ. ಕೆಲಸ ಇವನದು, ಬಿಲ್ಲು ಅವರದು. ಕೈಯಲ್ಲಿ ಅಷ್ಟೊಂದು ಕಸುಬು ಇದ್ದೂ ಹೀಗೆ ಬದುಕುವವರನ್ನು ಕಂಡಾಗ ನಮಗೆ ಬಹಳ ಬೇಸರವೆನಿಸುತ್ತದೆ.

ಒಪ್ಪಂದವೆಂದ ಕೂಡಲೇ ಸಂತ ಜಾನ್ ಬೋಸ್ಕೊ ನೆನಪಾಗುತ್ತಾರೆ. ಇಟಲಿಯ ಟ್ಯೂರಿನ್ ನಗರಕ್ಕೆ ಕೆಲಸ ಹುಡುಕಿ ಬರುತ್ತಿದ್ದ ಹಳ್ಳಿಯ ಹುಡುಗರನ್ನು ಯಜಮಾನರು ಮನೆಗೆಲಸಕ್ಕೂ ಮೂಟೆ ಹೊರುವುದಕ್ಕೂ ಬಳಸಿಕೊಳ್ಳುತ್ತಿದ್ದ ಕಾಲ. 1852ರ ಫೆಬ್ರುವರಿಯಲ್ಲಿ ಒಬ್ಬ ಹುಡುಗನನ್ನು ಬಡಗಿಯ ಬಳಿ ಕಲಿಕೆಗೆ ಸೇರಿಸುವಾಗ ಅವರು ಮುದ್ರೆಯ ಕಾಗದದ ಮೇಲೆ ಒಪ್ಪಂದ ಬರೆಸಿದರು. ಕಸುಬಿಗೆ ಸಂಬಂಧವಿಲ್ಲದ ಕೆಲಸಕ್ಕೆ ಹಚ್ಚಕೂಡದು, ತಪ್ಪು ಮಾಡಿದರೆ ಬಾಯಿಮಾತಿನಲ್ಲಿ ತಿದ್ದಬೇಕೇ ಹೊರತು ಹೊಡೆಯಕೂಡದು, ಭಾನುವಾರ ಬಿಡುವು, ಕೂಲಿ ಇಷ್ಟಿಷ್ಟು ಏರಬೇಕು, ಎಲ್ಲವೂ ಅದರಲ್ಲಿತ್ತು. ಬಡಗಿ, ಹುಡುಗ, ಹುಡುಗನ ತಂದೆ, ಬೋಸ್ಕೊ, ಎಲ್ಲರ ಸಹಿ. ಹುಡುಗರಿಗೆ ಬರೀ ಉಪದೇಶ ಹೇಳಿ ಕಳುಹಿಸುವುದು ಅವರಿಗೂ ಸುಲಭವಾಗಿತ್ತು. ಅವರು ಹಾಗೆ ಮಾಡದೆ ಕಾಗದದ ಹಿಂದೆ ಬಿದ್ದರು. ಕಸುಬಿಗೆ ಹೊರತಾದ ಕೆಲಸ ಕೂಡದು ಎಂಬ ಮೊದಲ ಷರತ್ತನ್ನು ಇಂದಿನ ತಂದೆತಾಯಿಗಳು ಮನಸ್ಸಿನಲ್ಲಿಟ್ಟುಕೊಂಡರೆ ಚೆನ್ನ. ಒಪ್ಪಂದವಿದ್ದೂ ಹುಡುಗನನ್ನು ಮೂರು ತಿಂಗಳಿಂದ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸಲು ಇಟ್ಟಿದ್ದಾರೆಯೇ? ಹೋಗಿ ಕೇಳಿ. ಕೇಳುವ ಹಕ್ಕು ಸಹಿ ಮಾಡಿದವರಿಗೆ ಇದ್ದೇ ಇದೆ.

ಗಡಿಭಾಗದ ಮಕ್ಕಳಿಗೆ ಭಾಷೆಯ ಅಂಜಿಕೆ ಇರುತ್ತದೆ. ಅಕ್ಕಲಕೋಟೆ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಸೋಲಾಪುರದ ಐಟಿಐಯಲ್ಲಿ ಮರಾಠಿ ಪಾಠ ಕೇಳಬೇಕು, ಪುಸ್ತಕದಲ್ಲಿ ಇಂಗ್ಲಿಷ್ ಮಾತುಗಳನ್ನು ಓದಬೇಕು. ಮೊದಲ ಆರು ತಿಂಗಳು ಕಷ್ಟವೇ. ಒಂದು ಅನುಕೂಲವಿದೆ: ವರ್ಕ್‌ಶಾಪಿನಲ್ಲಿ ಎಲ್ಲರ ಭಾಷೆಯೂ ಒಂದೇ. ಫೇಸ್, ನ್ಯೂಟ್ರಲ್, ಅರ್ಥ್, ಲೋಡ್, ಟೆಸ್ಟರ್, ಮೆಗ್ಗರ್ ಎಂಬ ಮಾತುಗಳು ಮರಾಠಿಯಲ್ಲೂ ಅವೇ, ಕನ್ನಡದಲ್ಲೂ ಅವೇ, ತೆಲುಗಿನಲ್ಲೂ ಅವೇ. ಓಮ್‌ನ ನಿಯಮಕ್ಕಂತೂ ಮಾತೃಭಾಷೆಯಿಲ್ಲ.

ಹೆಣ್ಣುಮಕ್ಕಳ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇವೆ. "ಇವಳಿಗೆ ಹೊಲಿಗೆ ಕಲಿಸೋಣ" ಎನ್ನುವ ಮೊದಲು ಅವಳನ್ನೇ ಕೇಳಿ. ಮಹಾರಾಷ್ಟ್ರದಲ್ಲಿ ಸೊಂಟಕ್ಕೆ ಬೆಲ್ಟು ಕಟ್ಟಿ ಕಂಬ ಹತ್ತುವ ಹೆಣ್ಣುಮಕ್ಕಳು ಮಹಾವಿತರಣದ ನೌಕರಿಯಲ್ಲಿದ್ದಾರೆ.

ಈಗ ಮಾಡಬೇಕಾದ್ದು. ಐಟಿಐ ಅರ್ಜಿಗಳು ಫಲಿತಾಂಶದ ಹಿಂದೆಯೇ ಶುರುವಾಗುತ್ತವೆ, ಎರಡು ತಿಂಗಳು ಯೋಚಿಸುತ್ತ ಕೂತರೆ ಸೀಟು ಹೋಗಿರುತ್ತದೆ. ಅಪ್ರೆಂಟಿಸ್‌ಶಿಪ್‌ಗೆ ಸರ್ಕಾರದ ಪೋರ್ಟಲ್‌ನಲ್ಲಿ ಹುಡುಗನ ಹೆಸರು ನೋಂದಾಯಿಸಬೇಕು, ಮನೆಯಲ್ಲಿ ಆಗದಿದ್ದರೆ ಐಟಿಐಯವರನ್ನೇ ಕೇಳಬಹುದು. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಹುಡುಗನ ಹೆಸರಿನಲ್ಲೇ ಇರಲಿ, ಏಕೆಂದರೆ ಸ್ಟೈಪೆಂಡಿನ ಸರ್ಕಾರಿ ಪಾಲು 2023ರಿಂದ ನೇರವಾಗಿ ಅವನ ಖಾತೆಗೇ ಬೀಳುತ್ತದೆ. ಮುಖ್ಯವಾಗಿ ಹೆಸರಿನ ಅಕ್ಷರಗಳನ್ನು ನೋಡಿಕೊಳ್ಳಿ. ಗಡಿಯ ಮನೆಗಳಲ್ಲಿ ಶಾಲೆಯವರು ಕನ್ನಡದ ಉಚ್ಚಾರದಂತೆ ಒಂದು ಬರೆದಿರುತ್ತಾರೆ, ಆಧಾರ್‌ನವರು ಮರಾಠಿ ರೀತಿಯಲ್ಲಿ ತಂದೆಯ ಹೆಸರು ಸೇರಿಸಿ ಇನ್ನೊಂದು ಬರೆದಿರುತ್ತಾರೆ, ಬ್ಯಾಂಕಿನವರದು ಮೂರನೆಯದು. ಮೂರನ್ನೂ ಒಂದು ಮಾಡಿಸಲು ವಾರಗಟ್ಟಲೆ ಹಿಡಿಯುತ್ತದೆ, ಹತ್ತನೆಯ ಪರೀಕ್ಷೆ ಮುಗಿದ ಮರುದಿನವೇ ಆ ಕೆಲಸಕ್ಕೆ ಹೊರಡಿ.