ಲೈಟು ಉಜ್ಜಬಹುದು, ಲೇಬಲ್ಲು ಓದುವುದು ಹೇಗೆ?

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಒಂದು ರಾತ್ರಿ ಕಾರು ಓಡಿಸಿ ನೋಡಿ. ಊರು ದಾಟಿದರೆ ಬೀದಿ ದೀಪ ಮುಗಿಯಿತು. ಆಮೇಲೆ ಇರುವುದು ನೀವು, ನಿಮ್ಮ ಹೆಡ್‌ಲೈಟು, ಮತ್ತು ರಸ್ತೆಯ ಮೇಲೆ ಏನಿದೆಯೋ ಅದು. ಹಿಂದೆ ಕೆಂಪು ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರು. ಡಾಂಬರು ಬೆಚ್ಚಗಿದೆ ಎಂದು ಮಲಗಿದ ದನ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಹರವಿದ ಮೆಕ್ಕೆಜೋಳ, ಅದರ ಅಂಚಿಗೆ ಕಾವಲಿಟ್ಟ ಕಲ್ಲು. ಇವನ್ನೆಲ್ಲ ದೂರದಿಂದಲೇ ಕಂಡವನು ಮನೆ ಸೇರುತ್ತಾನೆ. ಹತ್ತಿರ ಬಂದಮೇಲೆ ಕಂಡವನು ಮೆಗ್ಗಾನ್ ಆಸ್ಪತ್ರೆ ಸೇರುತ್ತಾನೆ.

ನಮ್ಮ ತಾಲ್ಲೂಕುಗಳಿಗೆ ಕಾರು ಬರುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡಾಗಿ. ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಹೊರಗೆ ಹತ್ತು ವರ್ಷ ಬಿಸಿಲಿಗೆ ನಿಂತ ಕಾರು ಕೊನೆಗೆ ಇಲ್ಲಿಗೆ ತಲುಪುತ್ತದೆ. ತಲುಪುವಷ್ಟರಲ್ಲಿ ಅದರ ಕಣ್ಣಿಗೆ ಪೊರೆ ಬಂದಿರುತ್ತದೆ. ಹೆಡ್‌ಲೈಟಿನ ಮುಖ ಹಳದಿ, ಮಬ್ಬು. ಬಲ್ಬು ಬದಲಿಸುತ್ತಾರೆ, ಬ್ಯಾಟರಿ ಬದಲಿಸುತ್ತಾರೆ, ಬೆಳಕು ಮಾತ್ರ ಬರುವುದಿಲ್ಲ. ಅಮೆರಿಕದ ವಾಹನ ಸವಾರರ ಸಂಘ ಎಎಎ 2018ರಲ್ಲಿ ಪರೀಕ್ಷೆ ಮಾಡಿಸಿದಾಗ, ಹನ್ನೊಂದು ವರ್ಷ ಹಳೆಯ ಕಾರುಗಳ ಮಬ್ಬಾದ ದೀಪಗಳು ಹೊಸದರ ಶೇಕಡಾ 22ರಷ್ಟು ಬೆಳಕನ್ನು ಮಾತ್ರ ಕೊಟ್ಟವು. ಉಜ್ಜಿ ಸರಿ ಮಾಡಿದ ಮೇಲೆ ಅದೇ ದೀಪ ಸುಮಾರು ಶೇಕಡಾ 70ಕ್ಕೆ ಬಂತು. ಗೆಳೆಯರೇ, ಇದು ಶೋಕಿಯ ಮಾತಲ್ಲ.

ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಆಗಿನದು ದುಂಡನೆಯ ಗಾಜಿನ ದೀಪ. ಒಡೆಯುತ್ತಿತ್ತು, ಹಳದಿಯಾಗುತ್ತಿರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲೂ ಅಮೆರಿಕದ ಜಿಇ ಕಂಪನಿಯಲ್ಲೂ ಬೇರೆ ಬೇರೆಯಾಗಿ ಹುಟ್ಟಿದ ವಸ್ತು. ಕಲ್ಲು ತಾಗಿದರೂ ಸುಲಭಕ್ಕೆ ಒಡೆಯದು, ಹಗುರ, ಬೇಕಾದ ಆಕಾರಕ್ಕೆ ಬಗ್ಗುತ್ತದೆ. ಆದರೆ ಬಿಸಿಲಿನ ನೇರಳಾತೀತ ಕಿರಣ ಅದಕ್ಕೆ ಆಗಿಬರುವುದಿಲ್ಲ. ಅದಕ್ಕೇ ಕಂಪನಿಯವರು ಮೇಲೊಂದು ಗಟ್ಟಿ ಪದರ ಬಳಿದು ಕೊಡುತ್ತಾರೆ. ವರ್ಷಗಳು ಕಳೆದಂತೆ ಬಿಸಿಲು, ಧೂಳು, ಬಲ್ಬಿನ ಕಾವು ಸೇರಿ ಆ ಪದರವನ್ನು ತಿಂದುಹಾಕುತ್ತವೆ. ಒಳಗಿನ ಪ್ಲಾಸ್ಟಿಕ್ ಬಯಲಾಗಿ ಹಳದಿಗೆ ತಿರುಗುತ್ತದೆ. ಪ್ರೆಸ್ಸಿನವನಾದ ನನಗೆ ಇದು ಬೇಗ ಅರ್ಥವಾಯಿತು. ನೀವು ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಯನ್ನೇ ನಾಲ್ಕು ದಿನ ಕಿಟಕಿಯ ಬಿಸಿಲಿಗೆ ಇಡಿ, ಗೊತ್ತಾಗುತ್ತದೆ. ಅಲ್ಲಿ ಹಳದಿಯಾಗುವುದು ಮರದ ಲಿಗ್ನಿನ್, ಇಲ್ಲಿ ಪ್ಲಾಸ್ಟಿಕ್. ಹಳದಿ ಮಾಡುವ ಬಿಸಿಲು ಒಂದೇ.

ಇದಕ್ಕೆ ಮೊಬೈಲ್ ವಿಡಿಯೋಗಳಲ್ಲಿ ನೂರೆಂಟು ಮದ್ದು. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಎನ್ನುವವನೊಬ್ಬ, ಸೊಳ್ಳೆ ಔಷಧಿ ಸಿಂಪಡಿಸಿ ಎನ್ನುವವನೊಬ್ಬ. ಟೂತ್‌ಪೇಸ್ಟಿನ ಪುಡಿ ಮೇಲಿನ ಕೊಳೆ ತೆಗೆಯುತ್ತದೆ, ನಿಜ. ಹೊಸ ರಕ್ಷಣೆಯನ್ನೇನೂ ಕೊಡುವುದಿಲ್ಲ. ನಾಲ್ಕು ವಾರ ಬಿಸಿಲಿಗೆ ನಿಂತರೆ ಮತ್ತೆ ಹಳದಿ. ಕಾರು ಮಾರುವ ಬ್ರೋಕರಿಗೆ ಅಷ್ಟು ಸಾಕು, ಕೊಂಡವನಿಗೆ ಸಾಲದು.

ಸರಿಯಾದ ಕೆಲಸ ಬೇರೆಯೇ ಇದೆ. ಮೊದಲು ಸೋಪು ನೀರಿನಲ್ಲಿ ತೊಳೆಯಬೇಕು. ಬಾನೆಟ್ಟು, ಬಂಪರಿನ ಬಣ್ಣಕ್ಕೆ ತಾಗದಂತೆ ಸುತ್ತ ಟೇಪು ಅಂಟಿಸಬೇಕು. ಆಮೇಲೆ ವಾಟರ್ ಪೇಪರು, ಅಂದರೆ ನಮ್ಮ ಹಿರಿಯರು ಉಪ್ಪು ಕಾಗದ ಎನ್ನುತ್ತಿದ್ದರಲ್ಲ, ಅದರ ನೀರಿಗೆ ತಡೆಯುವ ತಮ್ಮ. ಹಳೆಯ ಪದರ ಎದ್ದು ಚಕ್ಕೆಯಾಗಿದ್ದರೆ 400 ಅಥವಾ 600 ನಂಬರಿನಿಂದ ಶುರು, ಬರೀ ಮಬ್ಬಾಗಿದ್ದರೆ 800 ಸಾಕು. ನಂಬರು ಏರಿದಷ್ಟೂ ಕಾಗದ ನಯ. ನೀರು ಬಿಡುತ್ತಲೇ ಉಜ್ಜಬೇಕು, ಒಣಗಿದ ಪುಡಿ ಮೂಗಿಗೆ ಹೋಗಬಾರದು. ಮೊದಲು ಹಳದಿ ನೀರು ಇಳಿಯುತ್ತದೆ. ಅದು ನಿಂತು ಬಿಳಿ ನೀರು ಬಂತೆಂದರೆ ಹಳೆಯ ಪದರ ಹೋಯಿತು. ಮುಂದೆ 1000, 1500. ಈ ಹಂತದಲ್ಲಿ ದೀಪ ಬಚ್ಚಲುಮನೆ ಕಿಟಕಿಯ ಗಾಜಿನಂತೆ ಬೆಳ್ಳಗೆ ಕಾಣುತ್ತದೆ, ಓನರ್ ಎದೆ ಧಸಕ್ಕೆನ್ನುತ್ತದೆ. ಹೆದರಬೇಕಿಲ್ಲ. ಮೇಲೆ ಹೊಡೆಯುವ ಕ್ಲಿಯರ್ ಕೋಟು ಆ ಸಣ್ಣ ಗೀರುಗಳನ್ನೆಲ್ಲ ತುಂಬಿ ತಿಳಿಯಾಗಿಸುತ್ತದೆ. ಥಿನ್ನರಿನಲ್ಲಿ ಮಾತ್ರ ಒರೆಸಬೇಡಿ, ಪಾಲಿಕಾರ್ಬೊನೇಟು ಬಿರುಕು ಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಮಂಜು ದೀಪದ ಒಳಗಡೆ ಕೂತಿದ್ದರೆ ಅದು ಸೀಲು ಹೋದ ಕಥೆ, ಹೊರಗೆ ಎಷ್ಟು ಉಜ್ಜಿದರೂ ದಂಡ.

ಉಜ್ಜುವುದು ನಮಗೇನು ಹೊಸದಲ್ಲ ಬಿಡಿ. ಸೊರಬ ಗುಡಿಗಾರರ ಊರು, ಗಂಧದ ಕೆತ್ತನೆಯ ಊರು. ಮಲೆನಾಡಿನ ಗರಗತ್ತಿ ಮರದ ಎಲೆ ಮುಟ್ಟಿ ನೋಡಿ, ಅದೇ ಒಂದು ಉಪ್ಪು ಕಾಗದ. ಮರ, ದಂತ ನಯ ಮಾಡಲು ಹಿಂದಿನವರು ಅಂಥ ಎಲೆಯನ್ನೇ ಬಳಸುತ್ತಿದ್ದರು. ಆ ಎಲೆಗೆ ಲೇಬಲ್ಲು ಬೇಕಿರಲಿಲ್ಲ. ಅದರಿಂದ ಯಾರ ಪುಪ್ಪುಸವೂ ಹಾಳಾಗುತ್ತಿರಲಿಲ್ಲ.

ನನ್ನ ತಕರಾರು ಕ್ಲಿಯರ್ ಕೋಟಿನ ಡಬ್ಬಿಯ ಮೇಲೆ. ನಮ್ಮ ಪ್ರೆಸ್ಸಿನ ಪಕ್ಕ ಒಂದು ಗ್ಯಾರೇಜಿದೆ. ಅಲ್ಲಿನ ಹುಡುಗನೊಬ್ಬ ಒಂದು ದಿನ ಡಬ್ಬಿ ಹಿಡಿದುಕೊಂಡು ಬಂದ. "ಅಣ್ಣಾ, ಇದ್ರಲ್ಲಿ ಏನ್ ಬರ್ದಿದ್ದಾರೆ ನೋಡಿ, ಹೊಡ್ದ ದಿನ ರಾತ್ರಿಯೆಲ್ಲ ಕೆಮ್ಮು" ಅಂದ. ಅಕ್ಷರದ ಅಂಗಡಿ ಇಟ್ಟವನಿಗೆ ಎಲ್ಲ ಅಕ್ಷರವೂ ಗೊತ್ತಿರುತ್ತದೆ ಎಂಬ ನಂಬಿಕೆ ಅವನದು. ನಾನು ಓದಿದ್ದು ಪಿಯುಸಿ. ಭೂತಗನ್ನಡಿ ತಂದು, ಮೊಬೈಲಿನಲ್ಲಿ ಒಂದೊಂದೇ ಪದದ ಅರ್ಥ ಹುಡುಕಿ ಕೂತೆ. ಎರಡು ಭಾಗ ಬೆರೆಸುವ, ಗ್ಯಾರೇಜಿನವರು ಟೂಕೆ ಅನ್ನುವ ಮಾಲು ಅದು. ಬಾಳಿಕೆ ಬರುವುದೂ ಅದೇ, ಒಂದೇ ಭಾಗದ ಅಗ್ಗದ ಸ್ಪ್ರೇ ಬೇಗ ಸಿಪ್ಪೆಯೇಳುತ್ತದೆ. ಆದರೆ ಟೂಕೆಯ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಇರುತ್ತದೆ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸಾವಿರಾರು ಜನರನ್ನು ಕೊಂದ ಮಿಥೈಲ್ ಐಸೊಸಯನೇಟ್ ಇದೇ ಕುಲದ್ದು. ಎರಡೂ ಒಂದೇ ಅಲ್ಲ, ಸುಮ್ಮನೆ ಗಾಬರಿ ಹುಟ್ಟಿಸುವುದು ಬೇಡ. ಆದರೆ ಇದೂ ಉಸಿರಿನ ಶತ್ರುವೇ. ದಿನಾ ಸೇದಿದವನಿಗೆ ಅಸ್ತಮಾ ಅಂಟಬಹುದು. ಒಮ್ಮೆ ಮೈಗೆ ಅಲರ್ಜಿಯಾಗಿ ಕೂತರೆ ಆಮೇಲೆ ಚಿಟಿಕೆಯಷ್ಟು ತಾಗಿದರೂ ಉಸಿರು ಕಟ್ಟುತ್ತದೆ. ಅಪಾಯದ ಮಟ್ಟ ಮುಟ್ಟಿದರೂ ಮೂಗಿಗೆ ವಾಸನೆ ಗೊತ್ತಾಗದಿರಬಹುದು. ಬಾಯಿಗೆ ಕಟ್ಟಿದ ಕರ್ಚೀಫು ಇದನ್ನು ತಡೆಯುವುದಿಲ್ಲ, ಕೊರೋನಾ ಕಾಲದ ಬಟ್ಟೆ ಮಾಸ್ಕೂ ತಡೆಯುವುದಿಲ್ಲ.

ಇಷ್ಟೂ ವಿಷಯ ಡಬ್ಬಿಯ ಮೇಲೆ ಇತ್ತು ಸ್ವಾಮಿ! ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ನಾನು ನೋಡಿದ ಡಬ್ಬಿಗಳಲ್ಲಿ ಕೆಲವಕ್ಕೆ ಹಿಂದಿಯೂ ಇತ್ತು. ಕನ್ನಡ ಒಂದರಲ್ಲೂ ಇರಲಿಲ್ಲ. ಆ ಹುಡುಗ ಸರ್ಕಾರಿ ಶಾಲೆಯಲ್ಲಿ ಕನ್ನಡ ಓದಿದವನು, ಪೇಪರು ಗಟಗಟ ಓದುತ್ತಾನೆ. ಅವನನ್ನು ಅನಕ್ಷರಸ್ಥನನ್ನಾಗಿ ಮಾಡಿದ್ದು ಡಬ್ಬಿ.

ಕಾನೂನು ಏನನ್ನುತ್ತದೆ? ಕೇಂದ್ರದ 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಪೊಟ್ಟಣದ ಮೇಲಿನ ಕಡ್ಡಾಯ ವಿವರ ದೇವನಾಗರಿ ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಇರಬೇಕು. ಜೊತೆಗೆ ಬೇರೆ ಭಾಷೆ ಹಾಕಲು ಅಡ್ಡಿಯಿಲ್ಲವಂತೆ. ಅಡ್ಡಿಯಿಲ್ಲ! ಎಂಥ ಔದಾರ್ಯ! ಅಡ್ಡಿಯಿಲ್ಲ ಅಂದರೆ ಯಾವ ಕಂಪನಿ ಹಾಕುತ್ತದೆ? ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2024ರ ಮಾರ್ಚಿನಲ್ಲಿ ಜಾರಿಗೆ ಬಂತು. ಕರ್ನಾಟಕದಲ್ಲಿ ತಯಾರಾಗುವ ಸರಕುಗಳ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎನ್ನುತ್ತದೆ ಅದು. 2025ರ ಫೆಬ್ರವರಿಯಲ್ಲಿ ಸರ್ಕಾರ ಅದನ್ನೇ ಆದೇಶ ಮಾಡಿ ಮತ್ತೆ ನೆನಪಿಸಿತು. ಒಳ್ಳೆಯದೇ. ಆದರೆ ಓದಿ ನೋಡಿ, ಕರ್ನಾಟಕದಲ್ಲಿ ತಯಾರಾಗುವ ಸರಕು. ಹೊರ ರಾಜ್ಯದಲ್ಲಿ ತಯಾರಾಗಿ ಶಿರಾಳಕೊಪ್ಪದ ಅಂಗಡಿಗೆ ಬಂದ ಡಬ್ಬಿಗೆ ಈ ಮಾತು ಅನ್ವಯಿಸುವುದಿಲ್ಲ. ವಿಷ ಹೊರಗಿನದಾದರೇನು, ಸೇದುವ ಪುಪ್ಪುಸ ಇಲ್ಲಿಯದೇ ಅಲ್ಲವೇ?

ಎಲ್ಲ ಭಾಷೆಯಲ್ಲಿ ಹಾಕಲು ಜಾಗ ಎಲ್ಲಿದೆ, ಖರ್ಚು ಯಾರು ಕೊಡುತ್ತಾರೆ ಎಂದು ಕಂಪನಿ ಪರ ಮಾತಾಡುವವರಿದ್ದಾರೆ. ಈ ವಿಷಯ ನನ್ನ ಹತ್ತಿರ ಮಾತಾಡಿ. ಲೇಬಲ್ಲಿನ ಇಂಗ್ಲಿಷ್ ಸೂಚನೆ ಕಪ್ಪು ಪ್ಲೇಟಿನಲ್ಲಿ ಇರುತ್ತದೆ. ಅದೇ ಪ್ಲೇಟಿನಲ್ಲಿ ನಾಲ್ಕು ಸಾಲು ಕನ್ನಡ ಸೇರಿಸಿದರೆ ಹೊಸ ಪ್ಲೇಟೂ ಬೇಡ, ಹೊಸ ಬಣ್ಣವೂ ಬೇಡ, ಮೆಷಿನ್ ಇನ್ನೊಂದು ಸುತ್ತು ತಿರುಗುವುದೂ ಬೇಡ. ಜಾಗ ಸಾಲದಿದ್ದರೆ ರೈತರ ಮನೆಗೆ ಹೋಗಿ ನೋಡಿ. ಕೀಟನಾಶಕದ ಬಾಟಲಿಯ ಜೊತೆ ತೆಳು ಕಾಗದದ ಮಡಿಕೆ ಬರುತ್ತದೆ, ಅದರಲ್ಲಿ ಹಲವು ಭಾಷೆಗಳ ನಡುವೆ ಕನ್ನಡವೂ ಇರುತ್ತದೆ. ಬಾಟಲಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಬೇರೆ, ವಿಷ ಎಷ್ಟು ಕಟು ಎಂದು ಬಣ್ಣದಲ್ಲೇ ಹೇಳುವುದಕ್ಕೆ. ಕಾನೂನು ಕತ್ತು ಹಿಡಿದಿದೆ, ಅದಕ್ಕೆ ಮಾಡುತ್ತಾರೆ. ಗದ್ದೆಗೆ ಹೊಡೆಯುವ ವಿಷಕ್ಕೆ ಸಾಧ್ಯವಾದದ್ದು ಗ್ಯಾರೇಜಿನಲ್ಲಿ ಹೊಡೆಯುವುದಕ್ಕೆ ಯಾಕೆ ಆಗುವುದಿಲ್ಲ?

ಒಂದು ಮಾತು ನಮ್ಮವರಿಗೂ ಹೇಳಬೇಕು. ಕನ್ನಡದಲ್ಲಿ ಹಾಕಿ ಎಂದರೆ ಕೆಲವು ಪಂಡಿತರು "ವಾಯುಸಂಚಾರರಹಿತ ಪ್ರದೇಶದಲ್ಲಿ ಸಿಂಪಡಣೆಯನ್ನು ಕೈಗೊಳ್ಳತಕ್ಕದ್ದಲ್ಲ" ಎಂದು ಬರೆದುಕೊಡುತ್ತಾರೆ. ಅದಕ್ಕಿಂತ ಇಂಗ್ಲಿಷೇ ವಾಸಿ. "ಶೆಡ್ಡಿನ ಒಳಗೆ ಹೊಡೆಯಬೇಡಿ" ಅನ್ನಿ ಮಾರಾಯ್ರೆ, ಗ್ಯಾರೇಜಿಗೆ ಗ್ಯಾರೇಜಿನ ಕನ್ನಡ ಸಾಕು.

2023ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಅಂಗಡಿ ಬೋರ್ಡುಗಳಿಗಾಗಿ ದೊಡ್ಡ ಹೋರಾಟ ನಡೆಯಿತು, 2024ರಲ್ಲಿ ಬೋರ್ಡಿನ ಶೇಕಡಾ 60 ಕನ್ನಡವಿರಬೇಕೆಂದು ತಿದ್ದುಪಡಿ ಬಂತು. ಬೀದಿಗಿಳಿದ ಹುಡುಗರಿಗೆ ನನ್ನ ಸಲಾಮು. ಬೋರ್ಡು ಓದಲಾಗದಿದ್ದರೆ ಅವಮಾನವಾಗುತ್ತದೆ. ಡಬ್ಬಿ ಓದಲಾಗದಿದ್ದರೆ ಕಾಯಿಲೆ ಬರುತ್ತದೆ. ಇನ್ನು ಅಂಗಡಿಯ ಒಳಗೂ ಹೋಗಿ, ಶೆಲ್ಫಿನ ಮೇಲಿನ ಡಬ್ಬಿ ತಿರುಗಿಸಿ ನೋಡಿ. ನಿಮ್ಮಲ್ಲಿ ಇಂಗ್ಲಿಷ್ ಬಲ್ಲವರಿದ್ದೀರಿ, ಕಂಪನಿಗೆ ಪತ್ರ ಬರೆಯಿರಿ. "ಕರ್ನಾಟಕದಲ್ಲಿ ತಯಾರಾಗುವ" ಎಂಬುದನ್ನು "ಮಾರಾಟವಾಗುವ" ಎಂದು ತಿದ್ದಿಸಲು, ಕನಿಷ್ಠ ಅಪಾಯದ ಸೂಚನೆಯ ಮಟ್ಟಿಗಾದರೂ, ನಿಮ್ಮ ಶಾಸಕರ ಮನೆ ಬಾಗಿಲು ತಟ್ಟಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 2013ರಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಪುರಾತತ್ವ ಇಲಾಖೆ ಕ್ರಿ.ಶ. 370ರದು ಎಂದಿದೆ. ಅದರಲ್ಲಿ ಸಂಸ್ಕೃತದ ಜೊತೆಗೆ ಕನ್ನಡವೂ ಇದೆ. ಕಲ್ಲಿನ ಮೇಲೆ ಎರಡು ಭಾಷೆ ಕೊರೆಯಲು ಆ ಕಾಲದವರಿಗೆ ಜಾಗ ಸಾಕಾಗಿತ್ತು.

ಕಾಯ್ದೆ ಬರುವವರೆಗೆ ಹುಡುಗರು ಕೆಮ್ಮುತ್ತಾ ಕೂರಲಾಗದು. ಆದ್ದರಿಂದ ಅಂಗೈಯಗಲದ ಒಂದು ಸ್ಟಿಕರ್ ಅಚ್ಚು ಮಾಡಿದ್ದೇನೆ. ಅದರಲ್ಲಿ ಇಷ್ಟೇ ಇದೆ: "ಇದರಲ್ಲಿ ಉಸಿರಿಗೆ ವಿಷವಿದೆ. ಶೆಡ್ಡಿನ ಒಳಗೆ ಹೊಡೆಯಬೇಡಿ, ಬಯಲಲ್ಲಿ ಗಾಳಿಗೆ ಬೆನ್ನು ಕೊಟ್ಟು ಹೊಡೆಯಿರಿ. ಕರ್ಚೀಫು ಸಾಲದು, ಪೇಂಟಿನ ಆವಿ ತಡೆಯುವ ಡಬ್ಬಿ ಮಾಸ್ಕ್ ಹಾಕಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ತೆಳ್ಳಗೆ ಎರಡು ಮೂರು ಕೋಟು, ನಡುವೆ ಹತ್ತು ನಿಮಿಷ ಬಿಡಿ. ಮಳೆ, ಮಂಜು ಇದ್ದ ದಿನ ಬೇಡ. ಅಸ್ತಮಾ ಇದ್ದವರು ಹತ್ತಿರವೂ ಬರಬೇಡಿ. ಕೆಮ್ಮು, ಎದೆ ಬಿಗಿತ ಬಂದರೆ ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗಿ." ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬದ ಗ್ಯಾರೇಜಿನವರು, ಪೇಂಟ್ ಅಂಗಡಿಯವರು ಪ್ರೆಸ್ಸಿಗೆ ಬಂದು ಒಯ್ಯಬಹುದು, ದುಡ್ಡು ಬೇಡ. ಬೆಂಗಳೂರಿನ ಹುಡುಗರು ಇದನ್ನೇ ನಕಲು ಮಾಡಿ ನಿಮ್ಮ ಏರಿಯಾದಲ್ಲಿ ಅಚ್ಚು ಹಾಕಿಸಿಕೊಳ್ಳಿ. ಅಕ್ಷರ ಮಾತ್ರ ದಪ್ಪವಾಗಿರಲಿ.