ಮರಳಿ ಬಂದವರ ಬೆಂಗಳೂರು
ವರ್ಷಗಟ್ಟಲೆ ಹೊರಗಿದ್ದು ಸಂಸಾರ ಸಮೇತ ಬೆಂಗಳೂರಿಗೆ ಮರಳಿದವರು ‘ನಮ್ಮ ಊರೇ ಉಳಿದಿಲ್ಲ’ ಎಂದು ಮರುಗುವುದು ಸಹಜ. 1981ರಲ್ಲಿ ಸುಮಾರು 29 ಲಕ್ಷವಿದ್ದ ಜನಸಂಖ್ಯೆ 2011ರ ಜನಗಣತಿಯ ಹೊತ್ತಿಗೆ 85 ಲಕ್ಷದ ಆಸುಪಾಸು ಮುಟ್ಟಿತ್ತು. ಆದರೆ ಅವರು ನೆನೆಯುವ ಊರೂ ಹಳೆಯದೊಂದನ್ನು ಅಳಿಸಿಯೇ ಎದ್ದದ್ದು: ಮೆಜೆಸ್ಟಿಕ್ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಹಾಗಾದರೆ ಇಂದಿನ ಕೆರೆ ಒತ್ತುವರಿಯನ್ನೂ ಒಪ್ಪಿಕೊಳ್ಳಬೇಕೆ ಎಂದರೆ, ಖಂಡಿತ ಇಲ್ಲ. ಅದರ ಬೆಲೆಯನ್ನು ತಗ್ಗಿನ ಬಡಾವಣೆಗಳು ಜೋರು ಮಳೆ ಬಂದಾಗಲೆಲ್ಲ ತೆರುತ್ತಿವೆ. ಕಳೆದದ್ದೇನೆಂಬ ಅರಿವು ಮರಳಿದ ಹಳಬರಿಗಿದೆ, ಅದೇ ಅವರ ಬಲ. ಆದರೆ ಆ ಅರಿವು ಬರೀ ಹಳಹಳಿಕೆಯಾದರೆ, ಮೆಟ್ರೊ ಓಡುವ ಈ ಊರನ್ನೇ ತಮ್ಮದೆಂದುಕೊಳ್ಳಬೇಕಾದ ಮಕ್ಕಳು ಇಲ್ಲೂ ಪರಕೀಯರಾಗುತ್ತಾರೆ. ಮರಳಿದವರು ಮೊದಲು ಮತದಾರರ ಪಟ್ಟಿಗೆ ಹೆಸರು ಸೇರಿಸಲಿ, ತಮ್ಮ ವಾರ್ಡಿನ ಕೆರೆ, ರಾಜಕಾಲುವೆಗಳ ಬಗ್ಗೆ ಪ್ರಶ್ನೆ ಕೇಳಲಿ, ಈ ಕೆಲಸದಲ್ಲಿ ಮಕ್ಕಳನ್ನೂ ಜೊತೆಗೂಡಿಸಿಕೊಳ್ಳಲಿ.